ಸಹಾಯ ಬೇಕು: ಕ್ಲಿಂಗಾನರ ಹಣೆ ಯಾಕೆ ಬದಲಾಯಿತು?

ಹಾಸನದ ಸ್ಟಾರ್ ಟ್ರೆಕ್ ಅಭಿಮಾನಿಗಳೇ, ಒಂದು ಸಹಾಯ ಬೇಕಿತ್ತು. ಭಾನುವಾರ ಮಹಾರಾಜ ಪಾರ್ಕಿನಲ್ಲಿ ನಮ್ಮ ಗುಂಪಿನವರ ನಡುವೆ ಜೋರು ವಾದ ಆಯಿತು.

1960ರ ದಶಕದ ಸ್ಟಾರ್ ಟ್ರೆಕ್ ಟಿವಿ ಸರಣಿಯಲ್ಲಿ ಕ್ಲಿಂಗಾನರ (ಕಥೆಯಲ್ಲಿ ಬರುವ ಅನ್ಯಗ್ರಹದ ಯೋಧರು) ಹಣೆ ನಮ್ಮದರ ಹಾಗೇ ನುಣ್ಣಗಿತ್ತು. 1979ರ ಸಿನಿಮಾದಲ್ಲಿ ನಡು ಹಣೆಯಲ್ಲಿ ಮೂಳೆ ಉಬ್ಬಿಕೊಂಡು ಬಂತು. ಮೇಕಪ್ ಬದಲಾಯಿತು ಅಂತ ಸುಮ್ನೆ ಬಿಡಬಹುದಿತ್ತು. ಆದರೆ 2005ರಲ್ಲಿ ಎಂಟರ್‌ಪ್ರೈಸ್ ಸರಣಿ ಅದಕ್ಕೆ ಒಂದು ವೈರಸ್ಸಿನ ಕಾರಣ ಕೊಟ್ಟಿತು. ನನಗಂತೂ ಆ ಉತ್ತರ ಬಹಳ ಇಷ್ಟ. ಹಳೆಯದನ್ನು ಅಳಿಸದೆ ಕಥೆಯೊಳಗೇ ಸೇರಿಸಿಕೊಂಡರು, ಅಲ್ವಾ?

ಈಗ ತಕರಾರು 2017ರ ಡಿಸ್ಕವರಿ ಸರಣಿಯದು. ಮೊದಲ ಸೀಸನ್ನಿನಲ್ಲಿ ಕ್ಲಿಂಗಾನರಿಗೆ ತಲೆಗೂದಲಿಲ್ಲ, ತಲೆಯ ಆಕಾರವೇ ಬೇರೆ. ಆಕಾರಕ್ಕೆ ಕಾರಣ ಹೇಳಿದ ಸಂಚಿಕೆ ಇದ್ದರೆ ದಯವಿಟ್ಟು ಹೆಸರು ತಿಳಿಸಿ. ಕಾದಂಬರಿ, ಕಾಮಿಕ್ಸ್ ಬೇಡ. ತೆರೆಯ ಮೇಲೆ ಬಂದದ್ದನ್ನು ಮಾತ್ರ ನಮ್ಮವರು ಒಪ್ಪುತ್ತಾರೆ.