ಮನೆ ಈಗಲೇ ಮಗನ ಹೆಸರಿಗೆ ಮಾಡ್ಲಾ, ವಿಲ್ ಸಾಕಾ?

ತೀರ್ಥಹಳ್ಳಿ ಗೌಡ: ನನಗೆ 71. ಈ ಹೆಂಚಿನ ಮನೆ ನಾನೇ ದುಡಿದು ಕಟ್ಟಿಸಿದ್ದು. ಬೆಂಗಳೂರಿನ ಮಗ ದಾನಪತ್ರ ಮಾಡಿಕೊಡಿ ಅಂತಾನೆ. ಒಳ್ಳೆಯವನೇ. ಆದರೆ ನಾನು ಹೋದಮೇಲೆ ಇವಳು ಮಳೆಗಾಲ ಯಾರ ಸೂರಿನಡಿ ಕಳೀಬೇಕು ಅನ್ನೋದೇ ಚಿಂತೆ.

ಸಾಗರದವ: ದುಡುಕಬೇಡಿ ಗೌಡ್ರೇ. ವಿಲ್ ಆದ್ರೆ ಬದುಕಿರೋವರೆಗೂ ಬದಲಿಸಬಹುದು. ಅಮ್ಮನಿಗೆ ಜೀವನಪರ್ಯಂತ ವಾಸದ ಹಕ್ಕು ಅಂತ ಸ್ಪಷ್ಟವಾಗಿ ಬರೆಸಿ. ಇಬ್ಬರು ಸಾಕ್ಷಿ ಬೇಕು, ಆಸ್ತಿ ಪಡೆಯೋರು ಸಾಕ್ಷಿ ಹಾಕಬಾರದು. ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿ.

ಹೊಸನಗರದ ಸೊಸೆ: ನಮ್ಮತ್ತೆ ದಾನಪತ್ರದಲ್ಲಿ 'ನೋಡಿಕೊಳ್ಳಬೇಕು' ಅನ್ನೋ ಒಂದು ಸಾಲು ಹಾಕಿಸಲಿಲ್ಲ. ನೆನೆದರೆ ಈಗಲೂ ಸಂಕಟ. ಆ ಷರತ್ತಿದ್ದಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಪ್ರಕಾರ ಉಪವಿಭಾಗಾಧಿಕಾರಿ ಹತ್ತಿರ ರದ್ದತಿ ಕೇಳಬಹುದಿತ್ತು.

ತೀರ್ಥಹಳ್ಳಿ ಗೌಡ: ವಿಲ್ಲೇ ಸರಿ. ರಾತ್ರಿ ಮಗನಿಗೆ ಫೋನ್ ಮಾಡ್ತೀನಿ. ತೋಟ ಪಿತ್ರಾರ್ಜಿತ, ಅದರ ಮಾತು ಮಗಳೂ ಬಂದಾಗ.