ಸಹಾಯ ಬೇಕು: ಸಿಗಾರ್ ಸೇದುವ ಮಾವನ ಬಾಯಲ್ಲಿ ಬಿಳಿ ಮಚ್ಚೆ

ನಮಸ್ಕಾರ. ಗುಂಪಿನಲ್ಲಿ ದಂತವೈದ್ಯರು, ಇಎನ್‌ಟಿ ಡಾಕ್ಟರು ಇದ್ದರೆ ದಯವಿಟ್ಟು ಓದಿ.

ನಮ್ಮ ಸೋದರಮಾವ ಸಿಗರೇಟು ಬಿಟ್ಟು ಸಿಗಾರ್ ಹಿಡಿದಿದ್ದಾರೆ. "ಬರೀ ಎಲೆ ಕಣೋ, ಕೆಮಿಕಲ್ ಇಲ್ಲ, ಹೊಗೆ ಒಳಗೂ ಎಳೆಯಲ್ಲ" ಅನ್ನೋದು ಅವರ ವಾದ. ಈಗ ಕೆಳತುಟಿಯ ಒಳಗೆ, ಸರಿಯಾಗಿ ಸಿಗಾರ್ ಕಚ್ಚುವ ಜಾಗದಲ್ಲೇ, ಅಕ್ಕಿಕಾಳಿನಷ್ಟು ಬಿಳಿ ಮಚ್ಚೆ ಎದ್ದಿದೆ. ಒರೆಸಿದರೂ ಹೋಗಲ್ಲ, ನೋವೂ ಇಲ್ಲ. ನೋವಿಲ್ಲ ಅಂತಲೇ ಡಾಕ್ಟರ ಹತ್ತಿರ ಬರಲ್ಲ ಅಂತಾರೆ.

ನಾನು ಓದಿದ ಮಟ್ಟಿಗೆ, ಸಿಗಾರಿನ ಎಲೆಯನ್ನು ಹದ ಮಾಡಿ ಹುದುಗಿಸುವಾಗಲೇ ಕ್ಯಾನ್ಸರ್ ತರುವ ನೈಟ್ರೋಸಮೈನ್‌ಗಳು ಹೆಚ್ಚುತ್ತವೆ, ಹೊರಗಿನಿಂದ ಯಾರೂ ಸೇರಿಸಬೇಕಿಲ್ಲ. ಹೊಗೆ ಕ್ಷಾರೀಯವಾದ್ದರಿಂದ ನಿಕೋಟಿನ್ ಬಾಯಿಯ ಒಳಪೊರೆಯಿಂದಲೇ ರಕ್ತಕ್ಕೆ ಸೇರುತ್ತದೆ. ದೊಡ್ಡ ಸಿಗಾರ್ ಒಂದರಲ್ಲೇ 20 ಸಿಗರೇಟಿನ ಪ್ಯಾಕಿನಷ್ಟು ತಂಬಾಕು ಇರಬಹುದಂತೆ. ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್, ಬೆಂಜೀನ್, ಅಮೋನಿಯಾ, ಕ್ಯಾಡ್ಮಿಯಂನಂಥ ವಿಷಗಳೂ ಇರುತ್ತವೆ. ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರಿಗೆ ಹೊಗೆ ಶ್ವಾಸಕೋಶಕ್ಕೆ ಇಳಿಯಲೇಬೇಕೆಂದಿಲ್ಲ. ಅದರ ಮೇಲೆ ಹಳೇ ಸಿಗರೇಟುದಾರರು ಅಭ್ಯಾಸಬಲದಿಂದ ಎಳೆದೇ ಎಳೆಯುತ್ತಾರೆ; ಮಾವನೂ ಎಳೀತಾರೆ, ನಾನೇ ನೋಡಿದ್ದೀನಿ.

ಇಂಥ ಮಚ್ಚೆಗೆ ಬಯಾಪ್ಸಿ (ಚೂರು ತೆಗೆದು ಮಾಡುವ ಪರೀಕ್ಷೆ) ಬೇಕೇ ಬೇಕಾ? ಮೈಸೂರಿನಲ್ಲೇ ಡೆಂಟಲ್ ಕಾಲೇಜಿಗೆ ತೋರಿಸಿದರೆ ಸಾಕಾ, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಕರೆದೊಯ್ಯಬೇಕಾ? ತಂಬಾಕು ಬಿಡಿಸುವ 1800-11-2356 ಸಹಾಯವಾಣಿಗೆ ಯಾರಾದರೂ ಫೋನ್ ಮಾಡಿದ್ದೀರಾ, ಕನ್ನಡದಲ್ಲಿ ಮಾತಾಡ್ತಾರಾ?

ಬೈದು ಬಿಡಿಸಿ ಅನ್ನಬೇಡಿ, ಆ ಕೆಲಸ ಅತ್ತೆ ದಿನಾ ಮಾಡ್ತಿದ್ದಾರೆ. ಅನುಭವ ಇದ್ದವರು ಹೇಳಿ, ಈ ವಾರವೇ ಕರೆದುಕೊಂಡು ಹೋಗಬೇಕು ಅಂತಿದ್ದೀನಿ.