ವಾಷರ್ ಎಳೆದರೆ ಗಾಜಿಗೆ ನೀರೇ ಬರುತ್ತಿಲ್ಲ, ಎಲ್ಲಿಂದ ನೋಡಬೇಕು?

ಕೇಳಿದ್ದು, ರಾಜಾಜಿನಗರದಿಂದ:

ನಮ್ಮದು ಹಳೆಯ ಹ್ಯಾಚ್‌ಬ್ಯಾಕ್. ಮುಂದಿನ ಗಾಜಿಗೆ ನೀರು ಚಿಮ್ಮುವುದು ನಿಂತುಹೋಗಿದೆ. ಲಿವರ್ ಎಳೆದರೆ ವೈಪರ್ ಮಾತ್ರ ಓಡುತ್ತದೆ, ಒಣ ಧೂಳನ್ನೇ ಗಾಜಿಗೆ ಉಜ್ಜುತ್ತದೆ. ಟ್ಯಾಂಕ್ ತುಂಬಾ ನೀರಿದೆ. ಹತ್ತಿರದ ಗ್ಯಾರೇಜಿನಲ್ಲಿ ಬಾನೆಟ್ ಎತ್ತಿ ಕೂಡ ನೋಡಲಿಲ್ಲ, ‘ಮೋಟರ್ ಹೋಗಿದೆ, ಟ್ಯಾಂಕ್ ಸಮೇತ ಬದಲಾಯಿಸಬೇಕು’ ಅಂದರು. ಮುಂದಿನ ವಾರ ಹಾಸನಕ್ಕೆ ಹೋಗಬೇಕು. ಮನೆಯಲ್ಲೇ ಏನಾದರೂ ನೋಡಬಹುದಾ? ಹೀಗೆ ಆದವರು ದಯವಿಟ್ಟು ಹೇಳಿ.

ಬಸವನಗುಡಿಯಿಂದ:

ಮೊದಲು ಕಿವಿ ಕೊಟ್ಟು ಕೇಳಿ. ಎಂಜಿನ್ ಸ್ಟಾರ್ಟ್ ಮಾಡಬೇಡಿ, ಇಗ್ನಿಷನ್ ಮಾತ್ರ ಆನ್ ಮಾಡಿ. ಎಸಿ ಫ್ಯಾನು, ಹಾಡು ಎಲ್ಲಾ ಆಫ್ ಇರಲಿ. ಮನೆಯವರು ಯಾರಾದರೂ ಲಿವರ್ ಎಳೆದು ಹಿಡಿಯಲಿ, ನೀವು ಮುಂದಿನ ಚಕ್ರದ ಪಕ್ಕ ಬಗ್ಗಿ ಕೇಳಿ. ಟ್ಯಾಂಕ್ ಹೆಚ್ಚಾಗಿ ಅಲ್ಲೇ, ಬಂಪರ್ ಮತ್ತು ಚಕ್ರದ ನಡುವೆ ಇರುತ್ತದೆ. ಅದರ ಬುಡದಲ್ಲಿ ಮೋಟರ್ ಸಿಕ್ಕಿಸಿರುತ್ತಾರೆ. ಸರಿ ಇದ್ದರೆ ‘ಗುಂಯ್’ ಅನ್ನುವ ಸಣ್ಣ ಸದ್ದು ಬರುತ್ತದೆ.

ಸದ್ದು ಬಂತು ಅಂದರೆ ಫ್ಯೂಸು, ಸ್ವಿಚ್ಚು, ವೈರು ಎಲ್ಲಾ ಸರಿ ಇದೆ ಅಂತ ಅರ್ಥ. ತೊಂದರೆ ನೀರಿನ ದಾರಿಯಲ್ಲಿದೆ. ಬರಲಿಲ್ಲ ಅಂದರೆ ಕರೆಂಟಿನ ದಾರಿಯಲ್ಲೋ ಮೋಟರಿನಲ್ಲೋ ಇದೆ. ಇಷ್ಟನ್ನೂ ನೋಡದೆ ಮೋಟರ್ ಹೋಗಿದೆ ಅನ್ನುವವರ ಮಾತು ನಂಬಬೇಡಿ. ಈ ಕೆಲಸಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಒಂದು ಎಚ್ಚರಿಕೆ: ಟ್ಯಾಂಕಿನಲ್ಲಿ ನೀರಿಲ್ಲದೆ ಮೋಟರನ್ನು ಸುಮ್ನೆ ಓಡಿಸುತ್ತಾ ಇರಬೇಡಿ. ಅದನ್ನು ತಂಪಾಗಿಡುವುದೇ ನೀರು. ಪರೀಕ್ಷೆ ಮಾಡುವಾಗಲೂ ಎರಡು ಮೂರು ಸೆಕೆಂಡು ಎಳೆದು ಬಿಡಿ.

ಹೊರಮಾವಿನಿಂದ:

ಬಾನೆಟ್ ಎತ್ತಿದ ತಕ್ಷಣ ಪೈಪ್ ನೋಡಿ. ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಇಲಿ ಕಾಟ ಜಾಸ್ತಿ. ನಮ್ಮ ಕಾರಿನಲ್ಲಿ ಸದ್ದು ಬರುತ್ತಿತ್ತು, ನೀರು ಮಾತ್ರ ಇಲ್ಲ. ಕೆಳಗೆ ಬಗ್ಗಿ ನೋಡಿದರೆ ಚಕ್ರದ ಹತ್ತಿರ ನೆಲ ಒದ್ದೆ. ಬ್ಯಾಟರಿ ಹಿಂದೆ ಹೋಗುವ ಕಪ್ಪು ರಬ್ಬರ್ ಪೈಪನ್ನು ಇಲಿ ಓರೆಯಾಗಿ ಕಚ್ಚಿ ಹಾಕಿತ್ತು, ಹಲ್ಲಿನ ಗುರುತು ಸಾಲಾಗಿ ಕಾಣುತ್ತಿತ್ತು. ಅದೇ ಅಳತೆಯ ಪೈಪ್ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯಲ್ಲಿ ಅಡಿ ಲೆಕ್ಕದಲ್ಲಿ ಸಿಕ್ಕಿತು. ಹಳೆಯ ಪೈಪಿನ ಒಂದು ತುಂಡು ಕತ್ತರಿಸಿಕೊಂಡು ಹೋಗಿ. ಬಾಯಲ್ಲಿ ಅಳತೆ ಹೇಳಿದರೆ ದಪ್ಪನೆಯದು ಕೊಟ್ಟುಬಿಡುತ್ತಾರೆ, ಅದು ಜಾಯಿಂಟ್‌ನಲ್ಲಿ ಸೋರುತ್ತದೆ.

ಪೈಪ್ ತುಂಡಾಗಿಲ್ಲದಿದ್ದರೂ ಬಾನೆಟ್ ಹಿಂಜ್ ಹತ್ತಿರ ಮಡಚಿಕೊಂಡಿದೆಯಾ ನೋಡಿ. ಬಾನೆಟ್ ಒಳಗಿನ ಫೆಲ್ಟ್ ಹಾಸಿನ ಅಡಿಯಲ್ಲಿ ಪೈಪ್ ಎರಡು ಕವಲಾಗುವ ಪ್ಲಾಸ್ಟಿಕ್ ಟೀ ಜಾಯಿಂಟ್ ಇರುತ್ತದೆ. ಅದು ಕಳಚಿಕೊಳ್ಳುವುದೂ ಉಂಟು. ಇತ್ತೀಚೆಗೆ ಡೆಂಟಿಂಗ್, ಪೇಂಟಿಂಗ್ ಮಾಡಿಸಿದ್ದರೆ ಮೊದಲು ಅಲ್ಲೇ ನೋಡಿ.

ಮತ್ತೆ ರಾಜಾಜಿನಗರದಿಂದ:

ತುಂಬಾ ಥ್ಯಾಂಕ್ಸ್. ಸದ್ದು ಚೆನ್ನಾಗಿ ಬರುತ್ತಿದೆ. ನೆಲ ಒಣಗಿದೆ, ಪೈಪ್ ಎಲ್ಲೂ ಕಳಚಿಲ್ಲ. ಇನ್ನೊಂದು ವಿಷಯ, ಹಿಂದಿನ ಗಾಜಿಗೆ ನೀರು ಸರಿಯಾಗಿ ಬರುತ್ತದೆ. ಇದರಿಂದ ಏನಾದರೂ ತಿಳಿಯುತ್ತದಾ?

ಪೀಣ್ಯದಿಂದ, ಆಟೋ ಎಲೆಕ್ಟ್ರಿಕಲ್ ಕೆಲಸ ಮಾಡುವವರು:

ತುಂಬಾ ತಿಳಿಯುತ್ತದೆ. ಹೆಚ್ಚಿನ ಹ್ಯಾಚ್‌ಬ್ಯಾಕ್‌ಗಳಲ್ಲಿ ಮುಂದಕ್ಕೂ ಹಿಂದಕ್ಕೂ ಒಂದೇ ಮೋಟರ್. ಲಿವರ್ ಎಳೆದರೆ ಒಂದು ಕಡೆ ತಿರುಗುತ್ತದೆ, ತಳ್ಳಿದರೆ ಪ್ಲಸ್ಸು ಮೈನಸ್ಸು ಅದಲುಬದಲಾಗಿ ಇನ್ನೊಂದು ಕಡೆ ತಿರುಗುತ್ತದೆ. ಅದಕ್ಕೆ ತಕ್ಕಂತೆ ನೀರು ಮುಂದಿನ ಬಾಯಿಗೋ ಹಿಂದಿನ ಬಾಯಿಗೋ ಹೋಗುತ್ತದೆ. ಹಿಂದಕ್ಕೆ ನೀರು ಬರುತ್ತಿದೆ, ಮುಂದಕ್ಕೆ ಎಳೆದಾಗಲೂ ಸದ್ದಿದೆ. ಹಾಗಾದರೆ ಮೋಟರ್ ಚೆನ್ನಾಗಿದೆ, ಟ್ಯಾಂಕ್ ಮುಟ್ಟುವ ಅಗತ್ಯವೇ ಇಲ್ಲ.

ಈಗ ಬಾನೆಟ್ ಎತ್ತಿ, ನಾಜಲ್ (ಗಾಜಿಗೆ ನೀರು ಚಿಮ್ಮುವ ತುದಿ) ಬುಡದಿಂದ ಪೈಪ್ ಕಿತ್ತು ಒಂದು ಲೋಟಕ್ಕೆ ಹಿಡಿಯಿರಿ. ವೈಪರ್ ಓಡುತ್ತದೆ, ಕೈ ದೂರ ಇರಲಿ. ಲಿವರ್ ಎಳೆದಾಗ ಲೋಟಕ್ಕೆ ಜೋರಾಗಿ ನೀರು ಬಂದರೆ ನಾಜಲ್ ಕಟ್ಟಿದೆ. ಬರದಿದ್ದರೆ ಒಂದೊಂದೇ ಜಾಯಿಂಟ್ ಹಿಂದಕ್ಕೆ ಹೋಗುತ್ತಾ ಇದೇ ರೀತಿ ನೋಡಿ. ದಾರಿಯಲ್ಲಿ ನೀರು ವಾಪಸ್ ಇಳಿಯದಂತೆ ತಡೆಯುವ ಪುಟ್ಟ ವಾಲ್ವ್ ಇರಬಹುದು, ಅದರ ಮೇಲೆ ಬಾಣದ ಗುರುತು ಇರುತ್ತದೆ. ಬಿಚ್ಚಿದರೆ ಬಾಣ ನಾಜಲ್ ಕಡೆಗೇ ಬರುವಂತೆ ಹಾಕಿ. ಮೋಟರಿನ ಮುಂದಿನ ಬಾಯಿಯಲ್ಲೇ ನೀರಿಲ್ಲ ಅಂದರೆ ಮಾತ್ರ ಅದರೊಳಗಿನ ರಬ್ಬರ್ ವಾಲ್ವ್ ಅಂಟಿಕೊಂಡಿದೆ ಅಂತ ತಿಳಿಯಬೇಕು.

ಸದ್ದೇ ಇಲ್ಲದವರಿಗೂ ಹೇಳಿಬಿಡುತ್ತೇನೆ. ಮೊದಲು ಫ್ಯೂಸ್ ನೋಡಿ, ಯಾವುದು ಅಂತ ಡಬ್ಬಿಯ ಮುಚ್ಚಳದ ಮೇಲೆ ಚಿತ್ರ ಇರುತ್ತದೆ. ಅಷ್ಟೇ ಆಂಪಿಯರ್‌ನದು ಹಾಕಿ, ಜಾಸ್ತಿಯದು ಬೇಡ, ತಂತಿ ಸುತ್ತುವುದಂತೂ ಬೇಡವೇ ಬೇಡ. ಹೊಸ ಫ್ಯೂಸೂ ತಕ್ಷಣ ಸುಟ್ಟರೆ ವೈರ್ ಎಲ್ಲೋ ಸಿಪ್ಪೆ ಸುಲಿದು ಬಾಡಿಗೆ ತಾಗುತ್ತಿದೆ, ಇಲ್ಲವೇ ಮೋಟರ್ ಜಾಮ್ ಆಗಿದೆ. ಫ್ಯೂಸ್ ಸರಿ ಇದ್ದರೆ ಮೋಟರಿನ ಪ್ಲಗ್ ಕಿತ್ತು, ಲಿವರ್ ಎಳೆದು ಹಿಡಿದಾಗ ಮೀಟರಿನಲ್ಲಿ ಸುಮಾರು 12 ವೋಲ್ಟ್ ಬರುತ್ತದಾ ನೋಡಿ. ಬಂದೂ ಮೋಟರ್ ತಿರುಗದಿದ್ದರೆ ಆಗ ಮೋಟರ್ ಹೋಗಿದೆ. ಆಗಲೂ ಮೋಟರ್ ಒಂದನ್ನೇ ಬದಲಾಯಿಸಿದರೆ ಸಾಕು. ರಬ್ಬರ್ ವಾಷರಿನಲ್ಲಿ ಒತ್ತಿ ಕೂರಿಸಿರುತ್ತಾರೆ, ಎಳೆದರೆ ಬರುತ್ತದೆ. ಕೆಳಗೆ ಬಕೆಟ್ ಇಡಿ. ಟ್ಯಾಂಕ್ ಒಡೆದಿರದೆ ಟ್ಯಾಂಕ್ ಬದಲಾಯಿಸುವುದು ಗಿರಾಕಿಗೆ ಮಾಡುವ ಅನ್ಯಾಯ.

ವೈಟ್‌ಫೀಲ್ಡ್‌ನಿಂದ:

ನನ್ನ ಅನುಭವದಲ್ಲಿ ಈ ಊರಿನಲ್ಲಿ ಮೊದಲ ಅಪರಾಧಿ ಬೋರ್‌ವೆಲ್ ನೀರು. ನಮ್ಮ ಕಡೆ ಬಕೆಟ್, ನಲ್ಲಿ ಎಲ್ಲದಕ್ಕೂ ಬಿಳಿ ಪದರ ಕಟ್ಟುತ್ತದೆ. ನಾಜಲಿನ ತೂತು ಸೂಜಿ ಮೊನೆಯಷ್ಟು, ಬಿಸಿಲಿಗೆ ಅಲ್ಲಿ ನೀರು ಒಣಗಿದಾಗಲೆಲ್ಲಾ ಉಪ್ಪು ಉಳಿದು ತೂತು ಮುಚ್ಚುತ್ತಾ ಹೋಗುತ್ತದೆ. ಆರ್‌ಓ ಯಂತ್ರದಿಂದ ಹೊರಬರುವ ವೇಸ್ಟ್ ನೀರನ್ನು ಕೆಲವರು ಉಳಿತಾಯ ಅಂತ ಟ್ಯಾಂಕಿಗೆ ಹಾಕುತ್ತಾರೆ. ಅದು ಇನ್ನೂ ಕೆಟ್ಟದ್ದು, ಉಪ್ಪೆಲ್ಲಾ ಗಟ್ಟಿಯಾಗಿ ಅದರಲ್ಲೇ ಇರುತ್ತದೆ. ಹಾಕುವುದಾದರೆ ಶುದ್ಧವಾದ ಆರ್‌ಓ ನೀರು ಹಾಕಿ. ಶಾಂಪೂ, ಪಾತ್ರೆ ಸೋಪು ಬೇಡ. ಅದು ಟ್ಯಾಂಕಿನ ತಳದಲ್ಲಿ ಲೋಳೆಯಾಗಿ ಮೋಟರಿನ ಜಾಲರಿಗೆ ಅಂಟುತ್ತದೆ. ವಾಷರಿಗೆ ಅಂತಲೇ ಮಾರುವ ದ್ರವ ಅಳತೆ ನೋಡಿ ಹಾಕಿ.

ನಾಜಲ್ ಬಿಚ್ಚಲು ಬಂದರೆ ಬಿಚ್ಚಿ, ಬಿಳಿ ವಿನೆಗರ್‌ನಲ್ಲಿ ಒಂದು ರಾತ್ರಿ ನೆನೆಸಿ, ಆಮೇಲೆ ಮುಂದಿನ ತೂತಿನಿಂದ ಹಿಂದಕ್ಕೆ ಗಾಳಿ ಊದಿ. ಪಂಕ್ಚರ್ ಅಂಗಡಿಯ ಗಾಳಿಯಾದರೆ ಮೆಲ್ಲಗೆ, ಮತ್ತು ಪೈಪ್ ಕಿತ್ತಿಟ್ಟು ಊದಿ. ಸಣ್ಣ ಗುಂಡು ಇರುವ ನಾಜಲ್‌ಗೆ ತೆಳುವಾದ ಸೂಜಿ ಹಾಕಬಹುದು. ಬೀಸಣಿಗೆಯಂತೆ ಹರಡುವ ನಾಜಲ್‌ಗೆ ಸೂಜಿ ಹಾಕಬೇಡಿ, ಒಳಗಿನ ಆಕಾರ ಕೆಟ್ಟರೆ ನೀರು ಹರಡುವುದಿಲ್ಲ.

ಅಂದ ಹಾಗೆ, ಹೊರದೇಶದ ವಿಡಿಯೊಗಳಲ್ಲಿ ನೀರು ಹೆಪ್ಪುಗಟ್ಟದ ದ್ರವ ಹಾಕಿ ಅಂತ ತುಂಬಾ ಹೇಳುತ್ತಾರೆ. ಬೆಂಗಳೂರಿನ ಅತಿ ಕಡಿಮೆ ತಾಪಮಾನದ ದಾಖಲೆಯೇ 1884ರ ಜನವರಿಯ 7.8 ಡಿಗ್ರಿ. ನಮಗೆ ಆ ಚಿಂತೆ ಬೇಡ. ಎಂಜಿನ್ ಕೂಲೆಂಟ್ ಅಂತೂ ಇದಕ್ಕೆ ಸುರಿಯಲೇಬೇಡಿ, ಅದು ಗಾಜಿಗೆ ಜಿಡ್ಡು ಹಿಡಿಸುತ್ತದೆ ಮತ್ತು ಅದರಲ್ಲಿ ಸಾಮಾನ್ಯವಾಗಿ ವಿಷದ ಅಂಶ ಇರುತ್ತದೆ.

ಯಶವಂತಪುರದಿಂದ, ಟ್ಯಾಕ್ಸಿ ಓಡಿಸುವವರು:

ಹಾಸನ ಅಂದ್ರಲ್ವಾ? ನೆಲಮಂಗಲ ದಾಟಿ ಕುಣಿಗಲ್ ಕಡೆ ತಿರುಗಿದ ಮೇಲೆ ಲಾರಿಗಳ ಹಿಂದೆಯೇ ಹೋಗಬೇಕಾಗುತ್ತದೆ. ತುಂತುರು ಮಳೆ ಬಂದರೆ ಚಕ್ರದ ಕೆಸರು ಗಾಜಿಗೆ ಹಾರುತ್ತದೆ, ಆ ಹೊತ್ತಿಗೆ ವಾಷರ್ ಇಲ್ಲದೆ ವೈಪರ್ ಹಾಕಿದರೆ ಎದುರಿಗೆ ಏನೂ ಕಾಣುವುದಿಲ್ಲ. ಸರಿಯಾಗದಿದ್ದರೆ ದಯವಿಟ್ಟು ರಾತ್ರಿ ಹೊರಡಬೇಡಿ. ಒಂದು ಬಾಟಲಿ ನೀರು, ಒಂದು ಮೆತ್ತನೆ ಬಟ್ಟೆ ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ಗಾಜು ಮಸುಕಾದರೆ ಗಾಡಿ ರಸ್ತೆ ಬಿಟ್ಟು ಪೂರ್ತಿ ಪಕ್ಕಕ್ಕೆ ಹಾಕಿ ಒರೆಸಿ.

ರಾಜಾಜಿನಗರದಿಂದ:

ಪೈಪ್ ಕಿತ್ತು ಲೋಟಕ್ಕೆ ಹಿಡಿದರೆ ಜೋರಾಗಿ ನೀರು ಬಂತು! ನಾಜಲ್ ಎರಡೂ ವಿನೆಗರಿನಲ್ಲಿ ನೆನೆಸಿದೆ. ಡ್ರೈವರ್ ಕಡೆಯದು ಚೆನ್ನಾಗಿ ಬಿಟ್ಟುಕೊಂಡಿದೆ. ಎಡಗಡೆಯದು ಇನ್ನೂ ಬಾನೆಟ್ ಮೇಲೇ ತೊಟ್ಟಿಕ್ಕುತ್ತದೆ. ಬೀಸಣಿಗೆ ತರಹದ್ದೇ, ಸೂಜಿ ಹಾಕಿಲ್ಲ.

ಬಸವನಗುಡಿಯಿಂದ:

ಒಳ್ಳೆಯದಾಯಿತು. ಇನ್ನೊಂದು ರಾತ್ರಿ ನೆನೆಸಿ ನೋಡಿ. ಆಗಲೂ ಬಿಡದಿದ್ದರೆ ಅದೊಂದನ್ನೇ ಹೊಸದು ತನ್ನಿ, ಮಾಡೆಲ್ ಮತ್ತು ವರ್ಷ ಹೇಳಿದರೆ ಅಂಗಡಿಯಲ್ಲಿ ಕೊಡುತ್ತಾರೆ. ವಾಪಸ್ ಹಾಕುವ ಮೊದಲು ಲಿವರ್ ಎಳೆದು ಪೈಪಿನಿಂದ ಸ್ವಲ್ಪ ನೀರು ಹೊರಗೆ ಬಿಡಿ, ಸಡಿಲವಾದ ಉಪ್ಪಿನ ಪುಡಿ ಹೊಸ ನಾಜಲ್‌ಗೆ ಹೋಗಿ ಕೂರಬಾರದು. ಟ್ಯಾಂಕಿನಲ್ಲಿ ಈಗಿರುವ ನೀರನ್ನೂ ಖಾಲಿ ಮಾಡಿಬಿಡಿ.